ಎರಡು ಎಲೆ ಒಂದೇ ಎಲೆಯಾಗಿ ಕಾಣಬೇಕಾದರೆ

ಪ್ರಶ್ನೆ: ಕೆಲವು ತಿಂಗಳಿಂದ ವಿಡಿಯೋ ನೋಡಿ ಇಸ್ಪೀಟ್ ಎಲೆಗಳ ಕೈಚಳಕ ಕಲಿಯುತ್ತಿದ್ದೇನೆ. ಮೇಲಿನ ಎರಡು ಎಲೆಗಳನ್ನು ಒಂದೇ ಎಲೆ ಅನ್ನುವ ಹಾಗೆ ತಿರುಗಿಸಿ ತೋರಿಸುವ ಡಬಲ್ ಲಿಫ್ಟ್ ಕನ್ನಡಿ ಮುಂದೆ ಚೆನ್ನಾಗಿಯೇ ಬರುತ್ತೆ. ಆದರೆ ಗೆಳೆಯರ ಮುಂದೆ ಮಾಡಿದಾಗಲೆಲ್ಲ ಯಾರಾದರೊಬ್ಬರು "ಎರಡು ಎಲೆ ಎತ್ತಿದೆ" ಅಂತ ಹೇಳಿಬಿಡುತ್ತಾರೆ. ಇನ್ನೂ ವೇಗವಾಗಿ ಮಾಡಬೇಕಾ? ನನ್ನ ಕೈ ಸ್ವಲ್ಪ ಚಿಕ್ಕದು, ಅದಕ್ಕೇ ಹೀಗಾಗುತ್ತಿದೆಯಾ? ಯಾವ ಥರದ ಎಲೆ ತಗೊಂಡರೆ ಒಳ್ಳೆಯದು?

ಉತ್ತರ: ವೇಗ ಬೇಡ. ಈಗಿರುವುದಕ್ಕಿಂತ ನಿಧಾನ ಮಾಡಿ. ಕಣ್ಣಿಗಿಂತ ಕೈ ಚುರುಕು ಅಂತ ಎಲ್ಲರೂ ಹೇಳುತ್ತಾರೆ, ಆದರೆ ಅದು ನಿಜವಲ್ಲ. ನಿಧಾನವಾಗಿ ಆಡುತ್ತಿದ್ದ ಕೈ ಥಟ್ಟನೆ ಒಂದು ಕಡೆ ಜೋರಾಗಿ ಆಡಿದರೆ ಕಣ್ಣು ಹೋಗುವುದೇ ಅಲ್ಲಿಗೆ. ಏನು ಮಾಡಿದಿರಿ ಅನ್ನುವುದು ಕಾಣದೇ ಇರಬಹುದು, ಏನೋ ಮಾಡಿದಿರಿ ಅನ್ನುವುದಂತೂ ಗೊತ್ತಾಗುತ್ತೆ. ಅಷ್ಟು ಗೊತ್ತಾದರೆ ಆಟ ಮುಗಿಯಿತು.

ಅರ್ಜೆಂಟೀನಾದ ರೆನೆ ಲವಾಂಡ್ ಅನ್ನುವ ಜಾದೂಗಾರರ ವಿಡಿಯೋ ಸಿಕ್ಕರೆ ನೋಡಿ. ಒಂಬತ್ತನೇ ವಯಸ್ಸಿನಲ್ಲಿ ಅಪಘಾತವಾಗಿ ಬಲಗೈ ಹೋಯಿತು. ಉಳಿದ ಎಡಗೈಯೊಂದರಲ್ಲೇ ಎಲೆಗಳ ಜಾದೂ ಕಲಿತು ಜಗತ್ತೆಲ್ಲ ಹೆಸರಾದರು, 2015ರಲ್ಲಿ ತೀರಿಕೊಂಡರು. ಒಂದೇ ಟ್ರಿಕ್ ಅನ್ನು ಮತ್ತೆ ಮತ್ತೆ, ಪ್ರತಿ ಸಲ ಮೊದಲಿಗಿಂತ ನಿಧಾನವಾಗಿ ಮಾಡಿ ತೋರಿಸುವುದೇ ಅವರ ಹೆಗ್ಗಳಿಕೆ. ಒಂದೇ ಕೈ, ಅದೂ ಅಷ್ಟು ನಿಧಾನ, ಆದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಿಮ್ಮ ಕೈ ಚಿಕ್ಕದು ಅನ್ನುವ ಅನುಮಾನಕ್ಕೂ ಇದೇ ಉತ್ತರ ಸಾಕು ಅಂದುಕೊಳ್ಳುತ್ತೇನೆ.

ಹಾಗಾದರೆ ಗೆಳೆಯರಿಗೆ ಗೊತ್ತಾಗುತ್ತಿರುವುದು ಹೇಗೆ? ಈಗಲೇ ಒಂದು ಪರೀಕ್ಷೆ ಮಾಡಿ. ಕಟ್ಟನ್ನು ಎಡಗೈಯಲ್ಲಿ ಹಿಡಿದು, ಜಾದೂ ಗೀದೂ ಏನೂ ಇಲ್ಲದೆ, ಸುಮ್ನೆ ಮೇಲಿನ ಒಂದೇ ಒಂದು ಎಲೆ ತಿರುಗಿಸಿ ನೋಡಿ. ಹೇಗೆ ತಿರುಗಿಸಿದಿರಿ? ಹೆಚ್ಚಿನವರು ಎಡ ಹೆಬ್ಬೆರಳಿನಿಂದ ಎಲೆಯನ್ನು ಸ್ವಲ್ಪ ಬಲಕ್ಕೆ ತಳ್ಳಿ, ಬಲಗೈಯಲ್ಲಿ ಹಿಡಿದು, ಯೋಚನೆಯೇ ಇಲ್ಲದೆ ಮಗುಚುತ್ತಾರೆ. ಈಗ ನಿಮ್ಮ ಡಬಲ್ ಲಿಫ್ಟ್ ಮಾಡಿ. ಬಲಗೈ ಹಿಂದಿನಿಂದ ಬಂತು, ಬೆರಳ ತುದಿಗಳು ಬಿಗಿಯಾದವು, ಉಸಿರು ನಿಂತಿತು, ಎರಡು ಎಲೆ ಜಾರದ ಹಾಗೆ ಗಾಜಿನ ಲೋಟ ಎತ್ತಿದಂತೆ ಎತ್ತಿದಿರಿ. ಅಲ್ವಾ? ನೋಡುವವರಿಗೆ ಎಲೆಯ ದಪ್ಪ ಕಾಣುತ್ತಿಲ್ಲ. ಒಂದು ಎಲೆಯನ್ನು ಯಾರೂ ಹೀಗೆ ಎತ್ತುವುದಿಲ್ಲವಲ್ಲ ಅನ್ನುವುದು ಕಾಣುತ್ತಿದೆ, ಅಷ್ಟೇ. ಅದನ್ನು ಬಾಯಲ್ಲಿ ಹೇಳುವುದಕ್ಕೆ ಅವರಿಗೆ ಬರುವುದಿಲ್ಲ, "ಎರಡು ಎತ್ತಿದೆ" ಅಂತ ಒಂದು ಊಹೆ ಬಿಡುತ್ತಾರೆ, ಅದು ಸರಿಯಾಗಿರುತ್ತೆ.

ಇದಕ್ಕೆ ಪರಿಹಾರ ಡಬಲ್ ಲಿಫ್ಟನ್ನು ಇನ್ನಷ್ಟು ಅಭ್ಯಾಸ ಮಾಡುವುದಲ್ಲ. ಒಂದು ಎಲೆ ತಿರುಗಿಸುವ ರೀತಿಯನ್ನೇ ಬದಲಾಯಿಸಿಕೊಳ್ಳಬೇಕು. ಎರಡು ಎಲೆಗೆ ಯಾವ ಹಿಡಿತ ಬೇಕೋ ಅದೇ ಹಿಡಿತದಲ್ಲಿ ಇನ್ನು ಮೇಲೆ ಒಂದೊಂದು ಎಲೆಯನ್ನೂ ತಿರುಗಿಸಿ. ಟೀವಿ ನೋಡುವಾಗ, ಫೋನಿನಲ್ಲಿ ಮಾತಾಡುವಾಗ, ಕಟ್ಟು ಕೈಯಲ್ಲಿದ್ದಾಗಲೆಲ್ಲ. ಮೊದಲ ವಾರ ಎರಡು ಎಲೆ ಮುಟ್ಟಲೇಬೇಡಿ. ಆಮೇಲೆ ಐದಾರು ಸಲ ಒಂದು ಎಲೆ, ನಡುವೆ ಯಾವಾಗಲೋ ಒಂದು ಸಲ ಎರಡು, ಹೀಗೆ ಬೆರೆಸಿ. ಒಂದು ತಿರುಗಿಸಿದ್ದಕ್ಕೂ ಎರಡು ತಿರುಗಿಸಿದ್ದಕ್ಕೂ ನಿಮ್ಮ ಕೈಗೇ ವ್ಯತ್ಯಾಸ ಗೊತ್ತಾಗದ ಮಟ್ಟಕ್ಕೆ ಬರಬೇಕು. ಇದು ಬೇಸರದ ಕೆಲಸ, ಹೌದು, ವಿಡಿಯೋಗಳಲ್ಲಿ ಇದನ್ನು ಯಾರೂ ಒತ್ತಿ ಹೇಳುವುದಿಲ್ಲ, ಯಾಕೆಂದರೆ ಒಂದು ಎಲೆ ತಿರುಗಿಸುವುದನ್ನು ಕಲಿಸುವ ವಿಡಿಯೋ ಯಾರು ನೋಡುತ್ತಾರೆ ಹೇಳಿ.

ಈಗ ಹಿಡಿತದ ವಿಷಯಕ್ಕೆ ಬರೋಣ. ಕಟ್ಟು ಎಡಗೈಯಲ್ಲಿ, ತೋರುಬೆರಳು ಮುಂದಿನ ಅಂಚಿಗೆ, ಉಳಿದ ಮೂರು ಬೆರಳು ಬಲಬದಿಗೆ, ಹೆಬ್ಬೆರಳು ಎಡಬದಿಯಲ್ಲಿ ಅಥವಾ ಮೇಲೆ. ಬಲಗೈ ಮೇಲಿನಿಂದ ಬಂದು ಕಟ್ಟನ್ನು ಸರಿಮಾಡುವಂತೆ ಹಿಡಿಯುತ್ತೆ, ಅದರ ಹೆಬ್ಬೆರಳು ನಿಮ್ಮ ಕಡೆಯ ಅಂಚಿನಲ್ಲಿರುತ್ತೆ. ಆ ಹೆಬ್ಬೆರಳು ಮೇಲಿನ ಎರಡು ಎಲೆಗಳ ಅಂಚನ್ನು ಕೂದಲೆಳೆಯಷ್ಟು ಎತ್ತುತ್ತೆ, ಎಡ ಕಿರುಬೆರಳ ತುದಿಯ ಮೃದು ಮಾಂಸ ಆ ಸಂದಿಗೆ ಬೀಳುತ್ತೆ. ಇದಕ್ಕೆ ಬ್ರೇಕ್ ಹಿಡಿಯುವುದು ಅನ್ನುತ್ತಾರೆ. ಬೆರಳನ್ನು ಒಳಗೆ ತೂರಿಸಬೇಡಿ. ಚರ್ಮ ಸ್ವಲ್ಪ ಸಿಕ್ಕಿಕೊಂಡರೆ ಸಾಕು. ಹೊಸಬರು ಸಂದಿ ಕಳೆದುಹೋಗುತ್ತೆ ಅನ್ನುವ ಭಯಕ್ಕೆ ಅರ್ಧ ಬೆರಳನ್ನೇ ಒಳಗಿಡುತ್ತಾರೆ, ಆಗ ಬಲಗಡೆ ಕೂತವರಿಗೆ ಕಟ್ಟಿನಲ್ಲಿ ಬಾಯಿ ಬಿಟ್ಟಿರುವುದು ನೇರವಾಗಿ ಕಾಣುತ್ತೆ. ಎದುರಿನವರಿಗೆ ಕಾಣುವುದಿಲ್ಲ, ಮುಂದಿನ ಅಂಚು ಮುಚ್ಚಿಯೇ ಇರುತ್ತೆ. ಹಾಗಾಗಿ ನಿಮ್ಮ ಬಲ ಹಿಂಭಾಗಕ್ಕೆ ಯಾರೂ ನಿಲ್ಲದ ಹಾಗೆ ನೋಡಿಕೊಳ್ಳಿ. ನಿಮ್ಮನ್ನು ಪ್ರತಿ ಸಲ ಹಿಡಿಯುವ ಆ "ಯಾರಾದರೊಬ್ಬರು" ಎಲ್ಲಿ ಕೂತಿರುತ್ತಾರೆ ಅಂತ ಒಮ್ಮೆ ನೆನಪು ಮಾಡಿಕೊಳ್ಳಿ.

ಹೆಬ್ಬೆರಳಿನಿಂದ ಎರಡೇ ಎಣಿಸಿ ಎತ್ತುವುದು ಕಷ್ಟವಾದರೆ ಇನ್ನೊಂದು ದಾರಿ ಇದೆ. ಕಲಸಿ ಮುಗಿಸಿದ ಮೇಲೆ ಎಡ ಹೆಬ್ಬೆರಳಿನಿಂದ ಮೇಲಿನ ಮೂರು ನಾಲ್ಕು ಎಲೆಗಳನ್ನು ಸ್ವಲ್ಪ ಬಲಕ್ಕೆ ಹರಡಿ, ವಾಪಸ್ ಎಳೆದುಕೊಳ್ಳುವಾಗ ಎರಡನೆಯದರ ಕೆಳಗೆ ಕಿರುಬೆರಳು ಇಡಿ. ಇದು ಸುಲಭ, ನೋಡುವುದಕ್ಕೂ ಸಹಜ, ಮೊದಲು ಇದನ್ನೇ ಕಲಿಯಿರಿ ಅನ್ನುತ್ತೇನೆ. ಸಂದಿಯೇ ಇಲ್ಲದೆ ನೇರವಾಗಿ ಎರಡು ಎಲೆ ತಳ್ಳುವ ವಿಧಾನಗಳೂ ಇವೆ, ಅವು ನೋಡಲು ಚೆಂದ. ಅದರ ತಂಟೆಗೆ ಈಗ ಹೋಗಬೇಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಈ ಸಂದಿ ಹಿಡಿಯುವುದು *ಯಾವಾಗ* ಅನ್ನುವುದು. ನೀವು ಬಹುಶಃ "ಈಗ ನೋಡಿ, ಮೇಲಿನ ಎಲೆ" ಅಂತ ಹೇಳಿ, ಎಲ್ಲರೂ ಕಟ್ಟಿನ ಮೇಲೆ ಕಣ್ಣು ನೆಟ್ಟ ಮೇಲೆ, ಅವರ ಎದುರಿಗೇ ಎರಡು ಎಲೆ ಎಣಿಸುತ್ತಿದ್ದೀರಿ. ಹೊಸಬರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಹಾಗೇ ಮಾಡುತ್ತಾರೆ. ಆ ಕೆಲಸ ಅದಕ್ಕೆ ತುಂಬ ಮೊದಲೇ ಮುಗಿದಿರಬೇಕು. ಕಲಸಿ ಆಯಿತು, ಕಟ್ಟನ್ನು ಸರಿಮಾಡುತ್ತಾ ಯಾರನ್ನೋ ಏನೋ ಕೇಳುತ್ತೀರಿ, "ನೀವು ಮೊದಲು ಎಲೆಗಳ ಜಾದೂ ನೋಡಿದ್ದೀರಾ?" ಅಂತ. ಅವರು ನಿಮ್ಮ ಮುಖ ನೋಡುತ್ತಾರೆ, ಉತ್ತರ ಕೊಡುತ್ತಾರೆ, ಅಷ್ಟರಲ್ಲಿ ಸಂದಿ ಸಿಕ್ಕಿರುತ್ತೆ. ಆಮೇಲೆ ಕಟ್ಟನ್ನು ಹಾಗೇ ಹಿಡಿದುಕೊಂಡು ಒಂದೆರಡು ಮಾತಾಡಿ. ಬಲಗೈ ದೂರ ಇರಲಿ, ಕಟ್ಟಿನ ಹತ್ತಿರವೇ ಬೇಡ. ಮೇಲಿನ ಎಲೆ ತೋರಿಸುವ ಹೊತ್ತಿಗೆ ಬಲಗೈ ಬಂದು ಸಹಜವಾಗಿ ತಿರುಗಿಸುವುದು ಮಾತ್ರ ಬಾಕಿ ಇರಬೇಕು. ಕಳ್ಳ ಕೆಲಸ ಒಂದು ಕಡೆ, ತೋರಿಸುವ ಕೆಲಸ ಇನ್ನೊಂದು ಕಡೆ, ನಡುವೆ ಅಂತರ ಇದ್ದಷ್ಟೂ ನಿಮಗೆ ಲಾಭ.

ಕೈಯನ್ನೇ ನೋಡುತ್ತಿದ್ದರೆ ಸಿಕ್ಕಿಬೀಳುತ್ತೇನೆ ಅನ್ನುವ ಭಯವೂ ಪೂರ್ತಿ ನಿಜವಲ್ಲ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞರಾದ ಗುಸ್ತಾವ್ ಕೂನ್ ಮತ್ತು ಬೆಂಜಮಿನ್ ಟ್ಯಾಟ್ಲರ್ 2005ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕೂನ್ ಸ್ವತಃ ಜಾದೂಗಾರ. ಸಿಗರೇಟು, ಲೈಟರು ಮಾಯ ಮಾಡುವ ಟ್ರಿಕ್ ತೋರಿಸುತ್ತಾ ಸಿಗರೇಟನ್ನು ಎಲ್ಲರೆದುರಿಗೇ ತೊಡೆಯ ಮೇಲೆ ಬೀಳಿಸಿದರು. ನೋಡುತ್ತಿದ್ದವರ ಕಣ್ಣು ಎಲ್ಲಿತ್ತು ಅಂತ ಯಂತ್ರ ದಾಖಲಿಸುತ್ತಿತ್ತು. ಮೊದಲ ಸಲ ಹೆಚ್ಚಿನವರಿಗೆ ಬಿದ್ದದ್ದು ಗೊತ್ತೇ ಆಗಲಿಲ್ಲ. ಗೊತ್ತಾಯಿತೋ ಇಲ್ಲವೋ ಅನ್ನುವುದಕ್ಕೂ ಆ ಕ್ಷಣದಲ್ಲಿ ಕಣ್ಣು ಎಲ್ಲಿತ್ತು ಅನ್ನುವುದಕ್ಕೂ ಸಂಬಂಧ ಕಾಣಲಿಲ್ಲ. ಅಂದರೆ ಕಣ್ಣು ತಪ್ಪಿಸುವುದಕ್ಕಿಂತ ಮನಸ್ಸನ್ನು ಬೇರೆ ಕಡೆ ಇಡುವುದು ಮುಖ್ಯ. ಒಂದು ಪ್ರಶ್ನೆ ಕೇಳಿದರೆ, ಒಂದು ತಮಾಷೆಗೆ ನಕ್ಕರೆ, ಎದುರಿಗೇ ನಡೆದದ್ದು ತಲೆಗೆ ಹೋಗುವುದಿಲ್ಲ.

ಸರಿ, ತಿರುಗಿಸುವುದು. ಬಲಗೈ ಹೆಬ್ಬೆರಳು ಕೆಳಗೆ, ತೋರುಬೆರಳು ಮಧ್ಯದ ಬೆರಳು ಮೇಲೆ, ಬಲಬದಿಯ ಅಂಚನ್ನು ನಿಮ್ಮ ಹತ್ತಿರದ ಮೂಲೆಯ ಬಳಿ ಹಿಡಿದು, ಪುಸ್ತಕದ ಹಾಳೆಯ ಹಾಗೆ ಎಡಕ್ಕೆ ಮಗುಚಿ. ಎರಡು ಎಲೆ ಗಾಳಿಯಲ್ಲಿರುವ ಹೊತ್ತು ಕಡಿಮೆ ಇರಲಿ, ಆದರೆ ಅವಸರ ಬೇಡ. ಮಗುಚಿದ ಜೋಡಿಯನ್ನು ಕಟ್ಟಿನ ಮೇಲೆ ನಿಖರವಾಗಿ ಕೂರಿಸಬೇಡಿ. ನಿಮ್ಮ ಕಡೆಗೆ ಒಂದು ಸೆಂಟಿಮೀಟರಿನಷ್ಟು ಚಾಚಿಕೊಂಡಿರಲಿ. ಹೀಗಿದ್ದರೆ ವಾಪಸ್ ತಿರುಗಿಸುವಾಗ ಮತ್ತೆ ಸಂದಿ ಹುಡುಕುವ ಗೋಳಿಲ್ಲ, ಚಾಚಿಕೊಂಡಿರುವ ತುದಿ ಹಿಡಿದರೆ ಎರಡೂ ಒಟ್ಟಿಗೆ ಬರುತ್ತವೆ. ಈ ಒಂದು ಸಣ್ಣ ವಿಷಯ ಗೊತ್ತಿಲ್ಲದೆ ಎಷ್ಟೋ ಜನ ಮೊದಲ ತಿರುವು ಚೆನ್ನಾಗಿ ಮಾಡಿ ಎರಡನೇ ತಿರುವಿನಲ್ಲಿ ಸಿಕ್ಕಿಬೀಳುತ್ತಾರೆ.

ಮಾಡಬಾರದ್ದು ಕೆಲವಿವೆ. "ನೋಡಿ, ಇದು ಒಂದೇ ಎಲೆ" ಅಂತ ದಯವಿಟ್ಟು ಹೇಳಬೇಡಿ, ಎರಡಿರಬಹುದು ಅಂತ ಯಾರಿಗೂ ಅನ್ನಿಸಿರಲಿಲ್ಲ, ನೀವೇ ಅನ್ನಿಸಿದಿರಿ. "ಆಟೀನ್ ಏಳು" ಅಂತ ಎಲೆಯ ಹೆಸರು ಹೇಳಿ ಮುಂದೆ ಹೋಗಿ. ಜೋಡಿಯನ್ನು ಕೈಯಲ್ಲಿ ಮೇಲೆತ್ತಿ ಪ್ರದರ್ಶನಕ್ಕಿಡಬೇಡಿ. ತಿರುಗಿಸುವಾಗ ನಿಮ್ಮ ಕೈಯನ್ನೇ ನೋಡಿಕೊಳ್ಳಬೇಡಿ. ತಿರುಗಿದ ಮೇಲೆ ಎಲೆಯನ್ನು ನೋಡಿ, ಯಾಕೆಂದರೆ ಅವರೂ ಅದನ್ನೇ ನೋಡಬೇಕು, ಆಮೇಲೆ ತಲೆಯೆತ್ತಿ ಅವರ ಮುಖ ನೋಡಿ. ನೀವು ಎಲ್ಲಿ ನೋಡುತ್ತೀರೋ ಅವರೂ ಅಲ್ಲೇ ನೋಡುತ್ತಾರೆ.

ಇನ್ನೊಂದು ಅನುಮಾನ ನನಗಿದೆ. ನಿಮ್ಮ ಪ್ರಶ್ನೆಯಲ್ಲಿ ಯಾವ ಟ್ರಿಕ್ ತೋರಿಸುತ್ತೀರಿ ಅನ್ನುವುದೇ ಇಲ್ಲ. ಡಬಲ್ ಲಿಫ್ಟ್ ಒಂದು ಟ್ರಿಕ್ ಅಲ್ಲ, ಟ್ರಿಕ್ ಒಳಗಿನ ಒಂದು ಕೆಲಸ. ಎಲೆ ತೋರಿಸಿ, ಮುಚ್ಚಿ, ಮತ್ತೆ ತೆರೆದು "ಬದಲಾಯ್ತು ನೋಡಿ" ಅಂದರೆ, ಯೋಚಿಸಲು ಜನರಿಗೆ ಒಂದೇ ಒಂದು ಸಾಧ್ಯತೆ ಉಳಿಯುತ್ತೆ. ಅದೇ ಒಂದು ಕಥೆಯೊಳಗೆ ಇಟ್ಟರೆ ಬೇರೆ. ಶುರುವಿಗೆ ಒಂದೇ ಟ್ರಿಕ್ ಸಾಕು, ನಡುವೆ ಹಾಕಿದ ಎಲೆ ತಾನಾಗಿ ಮೇಲೆ ಬರುವುದು. ಇಂಗ್ಲಿಷಿನಲ್ಲಿ ಆಂಬಿಷಸ್ ಕಾರ್ಡ್ ಅನ್ನುತ್ತಾರೆ. ಎರಡು ಎಲೆ ಒಂದಾಗಿ ತಿರುಗಿಸಿ ಆಟೀನ್ ಏಳು ತೋರಿಸುತ್ತೀರಿ, ಅದು ನಿಜವಾಗಿ ಎರಡನೇ ಎಲೆ. ಜೋಡಿಯನ್ನು ವಾಪಸ್ ಮಗುಚುತ್ತೀರಿ. ಈಗ ಮೇಲಿನ ಒಂದೇ ಎಲೆಯನ್ನು, ಅಂದರೆ ಬೇರೆ ಯಾವುದೋ ಎಲೆಯನ್ನು, ಮುಖ ಕಾಣಿಸದೆ ತೆಗೆದು ನಿಧಾನವಾಗಿ ಕಟ್ಟಿನ ನಡುವೆ ತೂರಿಸುತ್ತೀರಿ. ಅವರೇ ತಳ್ಳಲಿ, ಇನ್ನೂ ಒಳ್ಳೆಯದು. ಚಿಟಿಕೆ ಹೊಡೆದು ಮೇಲಿನ ಎಲೆ ತಿರುಗಿಸಿದರೆ ಆಟೀನ್ ಏಳು.

ಇದರ ಸೊಗಸು ಎಲ್ಲಿದೆ ಅಂದರೆ, ಜನ ಬೆರಗಾಗುವ ಹೊತ್ತಿಗೆ ನಿಮ್ಮ ಕೈ ಪೂರ್ತಿ ಚೊಕ್ಕ. ಮೇಲಿರುವುದು ನಿಜವಾಗಿಯೂ ಒಂದೇ ಎಲೆ, ಕಿತ್ತುಕೊಂಡು ನೋಡಿದರೂ ಏನೂ ಸಿಗುವುದಿಲ್ಲ. ಅನುಮಾನ ಬರುವುದು ಬೆರಗಾದ ಮೇಲೆ, ಕಳ್ಳ ಕೆಲಸ ಮುಗಿದಿರುವುದು ಅದಕ್ಕೂ ಮೊದಲು. ಎರಡು ಎಲೆ ತಿರುಗಿಸಿದಾಗ ಅವರ ಪಾಲಿಗೆ ಟ್ರಿಕ್ ಇನ್ನೂ ಶುರುವೇ ಆಗಿಲ್ಲ, ನೀವು ಎಲೆಯನ್ನು ಪರಿಚಯ ಮಾಡಿಕೊಡುತ್ತಿದ್ದೀರಿ ಅಷ್ಟೇ.

1922ರಲ್ಲಿ ಶಿಕಾಗೋದಲ್ಲಿ ಡಾಯ್ ವರ್ನನ್ ಅನ್ನುವ ಯುವಕ ಆ ಕಾಲದ ಹೆಸರಾಂತ ಜಾದೂಗಾರ ಹ್ಯಾರಿ ಹೂಡಿನಿಯನ್ನು ಮಣಿಸಿದ್ದು ಇದೇ ಬಗೆಯ ಟ್ರಿಕ್‌ನಲ್ಲಿ. ಮೂರು ಸಲ ತೋರಿಸಿದರೆ ಯಾವ ಟ್ರಿಕ್ ಆದರೂ ಬಿಡಿಸುತ್ತೇನೆ ಅಂತ ಹೂಡಿನಿ ಕೊಚ್ಚಿಕೊಳ್ಳುತ್ತಿದ್ದರು. ವರ್ನನ್ ಮತ್ತೆ ಮತ್ತೆ ಮಾಡಿ ತೋರಿಸಿದರು, ಹೂಡಿನಿಯ ಸಹಿ ಇದ್ದ ಎಲೆ ಮತ್ತೆ ಮತ್ತೆ ಮೇಲೆ ಬಂತು, ಹೂಡಿನಿಗೆ ಗುಟ್ಟು ಬಿಡಿಸಲಾಗಲಿಲ್ಲ. ಆದರೆ ಇದನ್ನು ಓದಿ ನೀವೂ ಒಂದೇ ವಿಧಾನವನ್ನು ಹತ್ತು ಸಲ ಮಾಡುವುದಕ್ಕೆ ಹೋಗಬೇಡಿ. ಎರಡು ಸಲ ಸಾಕು. ಮೂರನೇ ಸಲಕ್ಕೆ ವಿಧಾನ ಬದಲಾಗಬೇಕು, ಇಲ್ಲವೇ ನಿಲ್ಲಿಸಬೇಕು. "ಇನ್ನೊಂದ್ಸಲ ಮಾಡು" ಅಂತ ಗೆಳೆಯರು ಕೇಳುವುದು ಮೆಚ್ಚಿ ಅಲ್ಲ, ಹಿಡಿಯುವುದಕ್ಕೆ.

ಕನ್ನಡಿಯ ಬಗ್ಗೆ. ಕನ್ನಡಿ ಬೇಡ ಅನ್ನುವುದಿಲ್ಲ, ಕೋನ ನೋಡಿಕೊಳ್ಳಲು ಬೇಕು. ಆದರೆ ಅದರಲ್ಲಿ ಎರಡು ತೊಂದರೆ. ಒಂದು, ಕನ್ನಡಿ ನೋಡುತ್ತಾ ಕಲಿತವರು ಜನರ ಮುಂದೆಯೂ ಕನ್ನಡಿ ಇದ್ದ ಎತ್ತರಕ್ಕೇ ಪೆದ್ದಾಗಿ ದಿಟ್ಟಿಸುತ್ತಾರೆ. ಇನ್ನೊಂದು ಹೆಚ್ಚು ಮೋಜಿನದು, ಕಳ್ಳ ಕೆಲಸದ ಕ್ಷಣಕ್ಕೆ ಸರಿಯಾಗಿ ನಾವೇ ಕಣ್ಣು ಮಿಟುಕಿಸಿಬಿಡುತ್ತೇವೆ. ನಮ್ಮನ್ನು ನಾವೇ ಮೋಸಗೊಳಿಸಿಕೊಂಡು "ಆಹಾ, ಏನೂ ಕಾಣಲಿಲ್ಲ" ಅಂದುಕೊಳ್ಳುತ್ತೇವೆ. ಜಾದೂಗಾರರಲ್ಲಿ ಇದು ಹಳೆಯ ಕಾಯಿಲೆ. ಫೋನನ್ನು ಎದುರು ಕೂತವರ ಕಣ್ಣಿನ ಎತ್ತರಕ್ಕೆ ಇಟ್ಟು ವಿಡಿಯೋ ಮಾಡಿ, ಮಾತು ಸಮೇತ, ಶುರುವಿಂದ ಕೊನೆತನಕ. ಒಂದು ದಿನ ಬಿಟ್ಟು ನೋಡಿ. ಆಗ ತಾನೇ ಮಾಡಿದ್ದನ್ನು ನೋಡಿದರೆ ನಿಮ್ಮ ಕಣ್ಣು ಗುಟ್ಟನ್ನೇ ಹುಡುಕುತ್ತೆ. ಒಂದು ಸಲ ಎದುರಿನಿಂದ, ಒಂದು ಸಲ ಬಲಗಡೆಯಿಂದ. ಧ್ವನಿ ಆಫ್ ಮಾಡಿ ನೋಡುವುದೂ ಒಳ್ಳೆಯದು, ಹೆಗಲು ಯಾವಾಗ ಬಿಗಿಯಾಗುತ್ತೆ ಅನ್ನುವುದು ಆಗ ಎದ್ದು ಕಾಣುತ್ತೆ.

ಕಣ್ಣು ಮುಚ್ಚಿ ಸಂದಿ ಹಿಡಿಯುವ ಅಭ್ಯಾಸವನ್ನೂ ಸೇರಿಸಿಕೊಳ್ಳಿ. ಎರಡು ಎಲೆ ಸಿಕ್ಕಿತೋ ಮೂರೋ ಅನ್ನುವುದು ಬೆರಳಿಗೆ ಗೊತ್ತಾಗಬೇಕು, ಕಣ್ಣಿಗಲ್ಲ. ಅಮೆರಿಕದ ರಿಚರ್ಡ್ ಟರ್ನರ್ ದೃಷ್ಟಿಯಿಲ್ಲದವರು, ಎಲೆಗಳ ಕೈಚಳಕದಲ್ಲಿ ಅವರಿಗೆ ಸಮನಾದವರು ಬೆರಳೆಣಿಕೆಯಷ್ಟು ಮಂದಿ. ದಿನಕ್ಕೆ ಇಪ್ಪತ್ತು ನಿಮಿಷ ಗಮನವಿಟ್ಟು ಮಾಡುವುದು ಭಾನುವಾರ ಒಂದೇ ದಿನ ಮೂರು ಗಂಟೆ ಕೂರುವುದಕ್ಕಿಂತ ಎಷ್ಟೋ ವಾಸಿ. ಬೆರಳು ದಣಿದ ಮೇಲೆ ಮಾಡಿದ ಅಭ್ಯಾಸ ತಪ್ಪು ಹಿಡಿತವನ್ನೇ ಗಟ್ಟಿ ಮಾಡುತ್ತೆ.

ಎಲೆಗಳ ವಿಚಾರ ಬೇಗ ಮುಗಿಸುತ್ತೇನೆ. ಪೂರ್ತಿ ಪ್ಲಾಸ್ಟಿಕ್ ಎಲೆ ಬೇಡ, ಒಂದರ ಮೇಲೊಂದು ಜಾರುತ್ತವೆ, ಜೋಡಿ ನಿಲ್ಲುವುದಿಲ್ಲ. ಮೇಲೆ ಸಣ್ಣ ಗುಳಿಗಳ ಲೇಪ ಇರುವ ಕಾಗದದ ಎಲೆ ತಗೊಳ್ಳಿ. ಬೈಸಿಕಲ್ ಬ್ರ್ಯಾಂಡಿನವು 1885ರಿಂದ ಇವೆ, ಜಾದೂಗಾರರ ಕೈಯಲ್ಲಿ ಹೆಚ್ಚಾಗಿ ಕಾಣುವುದು ಅವೇ. ಹಿಂಬದಿಯಲ್ಲಿ ಬಿಳಿ ಅಂಚು ಇದ್ದರೆ ಎರಡು ಎಲೆ ಕೂದಲಷ್ಟು ಹೆಚ್ಚುಕಮ್ಮಿ ಆದರೂ ಎದ್ದು ಕಾಣುವುದಿಲ್ಲ. ಪೋಕರ್ ಅಳತೆಯ ಎಲೆ ಎರಡೂವರೆ ಇಂಚು ಅಗಲ, ಬ್ರಿಜ್ ಅಳತೆಯದು ಎರಡೂಕಾಲು, ಉದ್ದ ಎರಡಕ್ಕೂ ಮೂರೂವರೆ. ನಿಮಗೆ ಪೋಕರ್ ಎಲೆ ನಿಜಕ್ಕೂ ಕೈಮೀರುತ್ತೆ ಅನ್ನಿಸಿದರೆ ಬ್ರಿಜ್ ಅಳತೆ ಬಳಸಿ, ನಾಚಿಕೆ ಏನಿಲ್ಲ. ಹೊಚ್ಚ ಹೊಸ ಕಟ್ಟು ತುಂಬ ಜಾರುತ್ತೆ, ಹಳೆಯದು ಅಂಟುತ್ತೆ. ಎರಡರಲ್ಲೂ ಅಭ್ಯಾಸ ಇರಲಿ, ಯಾಕೆಂದರೆ ಒಂದಲ್ಲ ಒಂದು ದಿನ ಯಾರೋ ಅವರ ಮನೆಯ ಕಟ್ಟು ತಂದು ಕೈಗೆ ಕೊಡುತ್ತಾರೆ. ಕೈ ಬೆವರುತ್ತಿದ್ದರೆ ತೊಳೆದು ಒರೆಸಿಕೊಳ್ಳಿ, ತುಂಬ ಒಣಗಿದ್ದರೆ ಸ್ವಲ್ಪ ಕ್ರೀಮ್ ಹಚ್ಚಿ, ಒಣ ಬೆರಳಿಗೆ ಎಲೆ ಹಿಡಿತಕ್ಕೆ ಸಿಗುವುದಿಲ್ಲ.

ಕೊನೆಗೆ ಆ ಗೆಳೆಯರು. ಅವರಿಗೆ ಗುಟ್ಟು ಗೊತ್ತಾಗಿದೆ, ಇನ್ನು ಅವರ ಮುಂದೆ ಡಬಲ್ ಲಿಫ್ಟ್ ಎಷ್ಟು ಚೆನ್ನಾಗಿ ಮಾಡಿದರೂ ಅವರು ಎಲೆಯ ಅಂಚನ್ನೇ ನೋಡುತ್ತಾರೆ. ಕೆಲವು ತಿಂಗಳು ಅವರಿಗೆ ಎಲೆ ತೋರಿಸಬೇಡಿ. ಹೊಸಬರಿಗೆ, ಒಮ್ಮೆಗೆ ಒಬ್ಬಿಬ್ಬರಿಗೆ ತೋರಿಸಿ, ಅವರು ಎದುರಿಗೆ ಕೂತಿರಲಿ. ಒಬ್ಬರು ಹಿಡಿದುಬಿಟ್ಟರೆ ವಾದ ಮಾಡಬೇಡಿ, ಎರಡೂ ಎಲೆ ಅವರ ಕೈಗೆ ಕೊಟ್ಟು ನಕ್ಕು ಬೇರೆ ವಿಷಯಕ್ಕೆ ಹೋಗಿ. ಆಮೇಲೆ ಯಾವ ಕ್ಷಣದಲ್ಲಿ ಅನುಮಾನ ಬಂತು ಅಂತ ಮೆಲ್ಲಗೆ ಕೇಳಿ. "ನೀನು ಎಲೆ ಎತ್ತುವಾಗ" ಅಂದರೆ ಹಿಡಿತ ಸರಿಮಾಡಿಕೊಳ್ಳಬೇಕು. "ಅದಕ್ಕಿಂತ ಮೊದಲೇ" ಅಂದರೆ ಕಿರುಬೆರಳು. "ನೀನು ಸುಮ್ಮನಾಗಿಬಿಟ್ಟೆ" ಅಂದರೆ ಕೈಯಲ್ಲಿ ತೊಂದರೆ ಇಲ್ಲ, ಆಡುವ ಮಾತನ್ನು ಬರೆದು ಬಾಯಿಪಾಠ ಮಾಡಿಕೊಳ್ಳಿ.